ಸೀಸದ ಸಿಪಾಯಿಗಳು: ಸಂಗ್ರಹ ಮತ್ತು ಸಂರಕ್ಷಣೆ

ಒಂದು ಕಾಲಕ್ಕೆ ಯುರೋಪಿನ ಮಕ್ಕಳ ಆಟಿಕೆಗಳಾಗಿದ್ದ ಲೋಹದ ಸಿಪಾಯಿಗಳು ಇಂದು ಸಂಗ್ರಾಹಕರ ಗಾಜಿನ ಕಪಾಟುಗಳನ್ನು ಸೇರಿವೆ. ಹಳೆಯ ಬೊಂಬೆ ಕೈಗೆ ಬಂದೊಡನೆ ಅದನ್ನು ತಿಕ್ಕಿ ತೊಳೆದು ಹೊಸ ಬಣ್ಣ ಬಳಿಯಬೇಕೆಂಬ ಆಸೆ ಮೂಡುವುದು ಸಹಜ. ಆದರೆ ಕಾಲದ ಹೊಡೆತಕ್ಕೆ ಉಳಿದುಕೊಂಡ ಎಷ್ಟೋ ಬೊಂಬೆಗಳು ಈ ಉತ್ಸಾಹದಿಂದಲೇ ಹಾಳಾಗಿವೆ. ಆದ್ದರಿಂದ ಸಂಗ್ರಾಹಕನು ಮೊದಲು ಕಲಿಯಬೇಕಾದ ಪಾಠ ಸಂಯಮ.

ಹಿನ್ನೆಲೆ

18ನೆಯ ಶತಮಾನದ ಉತ್ತರಾರ್ಧದಲ್ಲಿ ಜರ್ಮನಿಯ ನ್ಯೂರೆಂಬರ್ಗ್ ನಗರವು ತವರದ ಚಪ್ಪಟೆ ಸಿಪಾಯಿಗಳಿಗೆ ಹೆಸರಾಯಿತು. 1838ರಲ್ಲಿ ಹ್ಯಾನ್ಸ್ ಕ್ರಿಶ್ಚಿಯನ್ ಆ್ಯಂಡರ್ಸನ್ ಬರೆದ ಒಂಟಿಕಾಲಿನ ಸಿಪಾಯಿಯ ಕಥೆಯ ನಾಯಕನೂ ತವರದವನೇ. ಪ್ಯಾರಿಸ್‌ನ ಮಿನ್ಯೊ, ಡ್ರೆಸ್ಡೆನ್‌ನ ಹೈಡೆ ಮೊದಲಾದ ಸಂಸ್ಥೆಗಳು ಮೈದುಂಬಿದ ಗಟ್ಟಿ ಬೊಂಬೆಗಳನ್ನು ತಯಾರಿಸಿದವು. ಅವು ತೂಕವಾಗಿದ್ದವು, ದುಬಾರಿಯೂ ಆಗಿದ್ದವು.

1893ರಲ್ಲಿ ಲಂಡನ್ನಿನ ವಿಲಿಯಂ ಬ್ರಿಟನ್ ಹೊಸ ವಿಧಾನವೊಂದನ್ನು ಬಳಕೆಗೆ ತಂದನು. ಕರಗಿದ ಸೀಸದ ಮಿಶ್ರಲೋಹವನ್ನು ಅಚ್ಚಿಗೆ ಹೊಯ್ದು, ಹೊರಪದರ ಗಟ್ಟಿಯಾದ ಕ್ಷಣದಲ್ಲೇ ಒಳಗಿನ ದ್ರವವನ್ನು ಹೊರಚೆಲ್ಲಿದರೆ ಪೊಳ್ಳು ಬೊಂಬೆ ದೊರೆಯುತ್ತದೆ. ಲೋಹ ಉಳಿಯಿತು, ಬೆಲೆ ಇಳಿಯಿತು. ಸುಮಾರು 54 ಮಿಲಿಮೀಟರ್ ಎತ್ತರದ ಈ ಬೊಂಬೆಗಳೇ ಮುಂದೆ ಮಾದರಿಯಾದವು. ಬ್ರಿಟನ್ಸ್ ಸಂಸ್ಥೆಯ ಪಟ್ಟಿಯಲ್ಲಿ ಬಾಂಬೆ ಲ್ಯಾನ್ಸರ್ಸ್, ಮದ್ರಾಸ್ ನೇಟಿವ್ ಇನ್‌ಫೆಂಟ್ರಿ ಮುಂತಾದ ಭಾರತೀಯ ದಳಗಳೂ ಇದ್ದುದರಿಂದ ನಮ್ಮವರಿಗೆ ಅವು ವಿಶೇಷ ಆಸಕ್ತಿಯ ವಸ್ತುಗಳು. 1913ರಲ್ಲಿ ಎಚ್. ಜಿ. ವೆಲ್ಸ್ ಇಂತಹ ಸಿಪಾಯಿಗಳೊಡನೆ ಆಡುವ ಯುದ್ಧದ ಆಟಕ್ಕೆ ನಿಯಮಗಳ ಪುಸ್ತಕವನ್ನೇ ಬರೆದರು. 1966ರಲ್ಲಿ ಬ್ರಿಟನ್ಸ್ ಸೀಸದ ಸಿಪಾಯಿಗಳ ತಯಾರಿಕೆಯನ್ನು ನಿಲ್ಲಿಸಿತು. ಅಷ್ಟರಲ್ಲಿ ಪ್ಲಾಸ್ಟಿಕ್ ಬೊಂಬೆಗಳು ಮಾರುಕಟ್ಟೆಯನ್ನು ಆಕ್ರಮಿಸಿದ್ದವು.

ಸೀಸದ ವ್ಯಾಧಿ

ಬೊಂಬೆಯ ಮೇಲೆ ಬಿಳಿ ಅಥವಾ ಬೂದು ಬಣ್ಣದ ಪುಡಿ ಕಾಣಿಸಿಕೊಂಡರೆ ಅದು ಧೂಳಲ್ಲ, ಲೋಹವೇ ಸೀಸದ ಕಾರ್ಬೊನೇಟ್ ಆಗಿ ಮಾರ್ಪಡುತ್ತಿರುವ ಲಕ್ಷಣ. ಮರದಿಂದ, ಅದರಲ್ಲೂ ಓಕ್ ಮತ್ತು ಪ್ಲೈವುಡ್‌ನಿಂದ, ಹಾಗೂ ರಟ್ಟು ಮತ್ತು ಅಂಟುಗಳಿಂದ ಹೊರಡುವ ಆಮ್ಲದ ಆವಿ ಇದಕ್ಕೆ ಮುಖ್ಯ ಕಾರಣ. ಗಾಳಿಯ ತೇವ ಅದಕ್ಕೆ ನೆರವಾಗುತ್ತದೆ. ಮುಂಬಯಿ, ಚೆನ್ನೈಗಳಂತಹ ಕಡಲತೀರದ ನಗರಗಳಲ್ಲಿ ಈ ಎಚ್ಚರ ಇನ್ನಷ್ಟು ಅಗತ್ಯ. ಪುಡಿಯಾದ ಲೋಹ ಮರಳಿ ಬರುವುದಿಲ್ಲ. ವ್ಯಾಧಿ ಮುಂದುವರಿಯದಂತೆ ತಡೆಯುವುದಷ್ಟೇ ಸಾಧ್ಯ. ಅದಕ್ಕಾಗಿ ಬೊಂಬೆಗಳನ್ನು ಗಾಜು ಮತ್ತು ಲೋಹದ ಕಪಾಟಿನಲ್ಲಿಟ್ಟು, ಆಮ್ಲರಹಿತ ಕಾಗದವನ್ನೂ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳನ್ನೂ ಬಳಸಬೇಕು.

ಹಿತ್ತಾಳೆ ಪಾತ್ರೆಗೆ ಹೊಳಪು ಕೊಡುವ ಹುಣಸೆಹಣ್ಣು, ನಿಂಬೆರಸ, ವಿನೆಗರ್‌ಗಳನ್ನು ಸೀಸದ ಬೊಂಬೆಗೆ ಎಂದೂ ಸೋಕಿಸಬಾರದು. ಅವೂ ಆಮ್ಲಗಳೇ.

ದುರಸ್ತಿಯ ಮಿತಿ

ಪೊಳ್ಳು ಬೊಂಬೆಗಳಲ್ಲಿ ಕುತ್ತಿಗೆ ಮುರಿಯುವುದು ಸಾಮಾನ್ಯ. ಹಿಂದಿನ ಮಕ್ಕಳು ಬೆಂಕಿಕಡ್ಡಿಯನ್ನು ಒಳಗೆ ತುರುಕಿ ತಲೆಯನ್ನು ಕೂರಿಸುತ್ತಿದ್ದರು. ಇಂದಿನ ದುರಸ್ತಿಗಾರರು ತೆಳುವಾದ ಹಿತ್ತಾಳೆ ತಂತಿ ಮತ್ತು ಎಪಾಕ್ಸಿ ಅಂಟನ್ನು ಬಳಸುತ್ತಾರೆ. ಶುದ್ಧ ಸೀಸವೇ 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಆಟಿಕೆಯ ಮಿಶ್ರಲೋಹ ಅದಕ್ಕೂ ಕಡಿಮೆ ಶಾಖದಲ್ಲಿ ಮೆದುವಾಗುತ್ತದೆ. ಆದಕಾರಣ ಅನುಭವವಿಲ್ಲದವರು ಬೆಸುಗೆ ಹಾಕಲು ಹೊರಟರೆ ಬೊಂಬೆಯೇ ಕರಗಿಹೋದೀತು.

ಬಣ್ಣದ ವಿಷಯದಲ್ಲಿ ನಿಯಮ ಸರಳ: ಮೂಲ ಬಣ್ಣ ಸ್ವಲ್ಪವಾದರೂ ಉಳಿದಿದ್ದರೆ ಅದನ್ನು ಮುಟ್ಟಬಾರದು. ಕಾರ್ಖಾನೆಯ ಕುಂಚದ ಗೆರೆ, ಮಗುವಿನ ಆಟದಿಂದಾದ ಸವೆತ, ಇವೆರಡೂ ಆ ವಸ್ತುವಿನ ಚರಿತ್ರೆ. ಪೂರ್ಣ ಬಣ್ಣ ಬಳಿದ ಬೊಂಬೆಗೆ ಸಂಗ್ರಾಹಕರು ಕಡಿಮೆ ಬೆಲೆ ಕಟ್ಟುತ್ತಾರೆ. ಬಣ್ಣವೆಲ್ಲ ಹೋದ ಅಥವಾ ಹಿಂದೆಯೇ ಒರಟಾಗಿ ಬಣ್ಣ ಬಳಿಸಿಕೊಂಡ ಬೊಂಬೆಗಳನ್ನು ಮಾತ್ರ ಹೊಸದಾಗಿಸಬಹುದು. ಆಗಲೂ ದುರಸ್ತಿಗೆ ಮುನ್ನ ಛಾಯಾಚಿತ್ರ ತೆಗೆದು, ಮಾಡಿದ ಕೆಲಸವನ್ನು ಬರೆದಿಟ್ಟು, ಮಾರುವಾಗ ಕೊಳ್ಳುವವರಿಗೆ ತಿಳಿಸುವುದು ಧರ್ಮ.

ಕೊಳ್ಳುವಾಗ ಬೊಂಬೆಯ ತಳಭಾಗವನ್ನು ನೋಡಬೇಕು. ನಕಲಿಗಳ ಹಾವಳಿ ತಡೆಯಲು ಬ್ರಿಟನ್ಸ್ 1900ರಿಂದ ಅಲ್ಲಿ ಕಾಗದದ ಚೀಟಿ ಅಂಟಿಸಲಾರಂಭಿಸಿತು. ಮೂಲ ಪೆಟ್ಟಿಗೆ ಹರಿದಿದ್ದರೂ ಎಸೆಯದೆ ಪ್ರತ್ಯೇಕವಾಗಿ ಇರಿಸಬೇಕು.

ಮನೆಯಲ್ಲಿ ಎಚ್ಚರಿಕೆ

ಈ ಬೊಂಬೆಗಳ ಲೋಹದಲ್ಲಿ ಸೀಸವಿದೆ, ಹಳೆಯ ಬಣ್ಣದಲ್ಲಿಯೂ ಇರುವುದುಂಟು. ದೇಹವನ್ನು ಸೇರಿದ ಸೀಸ ಎಳೆಯ ಮಕ್ಕಳ ಮಿದುಳಿನ ಬೆಳವಣಿಗೆಗೆ ಶಾಶ್ವತ ಹಾನಿ ಮಾಡಬಲ್ಲದು. ಆದ್ದರಿಂದ ಮರಳುಕಾಗದದಿಂದ ಒಣದಾಗಿ ಉಜ್ಜಬಾರದು. ಕೈಗವಸು, ಮುಖಗವಸು ಧರಿಸಿ ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಊಟದ ಮೇಜಿನ ಮೇಲೆ ಈ ಕೆಲಸ ಸಲ್ಲದು. ಕೆಲಸ ಮುಗಿದ ಮೇಲೆ ಕೈಗಳನ್ನು ಸೋಪಿನಿಂದ ತೊಳೆಯಬೇಕು. ದಸರೆಯ ಬೊಂಬೆಗಳ ನಡುವೆ ಇಂತಹ ಸಿಪಾಯಿಗಳನ್ನು ಕೂರಿಸುವವರು ಮಕ್ಕಳ ಕೈಗೆಟುಕದ ಮೇಲಿನ ಮೆಟ್ಟಿಲನ್ನೇ ಆರಿಸಿಕೊಳ್ಳಲಿ. ಆಟಿಕೆಯಾಗಿ ಹುಟ್ಟಿದ್ದರೂ ಅವು ಈಗ ನೋಡುವುದಕ್ಕೆ ಮಾತ್ರ.