ಹೊಸ ಪರದೆ, ಹಳೆಯ ತೂಬು

ಮಸ್ಕಿಯ ಬಂಡೆಯ ಮೇಲೆ ಅಶೋಕ ಬರೆಸಿದ್ದನ್ನು ನೋಡಲು ಯಾವ ಯಂತ್ರವೂ ಬೇಡ. ಓರೆಯಾಗಿ ಬೀಳುವ ಬೆಳಗಿನ ಬಿಸಿಲಿದ್ದರೆ ಸಾಕು. ಆದರೆ ವರ್ಷವರ್ಷವೂ ಇಡೀ ತರಗತಿಯನ್ನು ಅಲ್ಲಿಗೆ ಕರೆದೊಯ್ಯುವುದು ನನ್ನಿಂದಾಗದ ಮಾತು. ಅದಕ್ಕೇ ಶಾಸನದ ಪಡಿಯಚ್ಚಿನ ಚಿತ್ರವನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿ, ಒಂದೊಂದೇ ಬ್ರಾಹ್ಮಿ ಅಕ್ಷರ ಬಿಡಿಸಿ, ಪಾಠದ ಪಟ ಮಾಡುವ ಕೆಲಸ ಹಚ್ಚಿಕೊಂಡೆ. ನಿವೃತ್ತಿಗೆ ಎರಡು ವರ್ಷ ಉಳಿದಿದೆ. ಅಷ್ಟರಲ್ಲಿ ಎಡಗಣ್ಣಿಗೆ ಪೊರೆ ಬಂತು. ಆಪರೇಶನ್ ಆದ ಮೇಲೂ ಹಳೆಯ ಚಿಕ್ಕ ಪರದೆಯಲ್ಲಿ ಅಕ್ಷರದ ಗೆರೆ ಯಾವುದು, ಕಲ್ಲಿನ ಬಿರುಕು ಯಾವುದು ಎಂದು ತಿಳಿಯದಾಯಿತು.

ಅಕ್ಕನ ಮಗ ಸಿಂಧನೂರಿನಿಂದ ಇಪ್ಪತ್ತೇಳು ಇಂಚಿನ 4ಕೆ ಮಾನಿಟರು ತಂದು ಲಿಂಗಸುಗೂರಿನ ನಮ್ಮ ಮನೆಯಲ್ಲಿ ಜೋಡಿಸಿದ. "ಚಿಗವ್ವ, ಇನ್ನ ಇರಿವಿ ಕಾಲೂ ಕಾಣತಾವ ನೋಡು" ಎಂದ. ಕಂಡವು, ಸುಳ್ಳಲ್ಲ. ಆದರೆ ಮೌಸಿನ ಬಾಣ ಮಾತ್ರ ಕುಂಟುತ್ತ ಬರುತ್ತಿತ್ತು. ಚಿತ್ರ ಸರಿಸಿದರೆ ತಡೆತಡೆದು ಸರಿಯುವುದು. ಅರ್ಧ ಗಂಟೆಯಲ್ಲಿ ತಲೆನೋವು. ಮಾನಿಟರೇ ಕೆಟ್ಟದ್ದೆಂದು ವಾಪಸ್ಸು ಕಳಿಸಲು ಹೊರಟಿದ್ದೆ.

ತಪ್ಪು ಅದರದ್ದಲ್ಲ. 4ಕೆ ಎಂದರೆ ಅಡ್ಡಕ್ಕೆ 3840, ಉದ್ದಕ್ಕೆ 2160 ಚುಕ್ಕೆ. ಗುಣಿಸಿದರೆ 82,94,400. ನನ್ನ ಕಂಪ್ಯೂಟರು 2014ರದು, ಅದರಲ್ಲಿದ್ದ ಎಚ್‌ಡಿಎಂಐ 1.4 ಎಂಬ ಕಟ್ಟಳೆ 2009ರದು. ಆ ದಾರಿಯಲ್ಲಿ ಅಷ್ಟು ಚುಕ್ಕೆಗಳನ್ನು ಸೆಕೆಂಡಿಗೆ ಮೂವತ್ತು ಸಲ ಮಾತ್ರ ಕಳಿಸಬಹುದು. ಕಣ್ಣಿಗೆ ಹಿತವಾಗಲು ಅರವತ್ತು ಸಲವಾದರೂ ಬೇಕು. ಅದಕ್ಕೆ 2013ರಲ್ಲಿ ಬಂದ ಎಚ್‌ಡಿಎಂಐ 2.0 ಇರಬೇಕು, ಇಲ್ಲವೆ ಡಿಸ್‌ಪ್ಲೇ ಪೋರ್ಟ್ 1.2. ತುಂಗಭದ್ರೆಯ ಎಡದಂಡೆ ಕಾಲುವೆಯ ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗದ್ದೆ ಎಷ್ಟೇ ದೊಡ್ಡದಿರಲಿ, ತೂಬಿನಲ್ಲಿ ಹಾಯ್ದಷ್ಟೇ ನೀರು.

ಈ ಪೇಚು ಹೊಸದೂ ಅಲ್ಲ. 1981ರಲ್ಲಿ ಐಬಿಎಂ ಪಿಸಿ ಬಂದಾಗಲೇ ಎರಡು ಬಗೆಯ ಕಾರ್ಡುಗಳಿದ್ದವು. ಒಂದು ಬರೀ ಅಕ್ಷರಕ್ಕೆ, ಇನ್ನೊಂದು ಬಣ್ಣದ ಚಿತ್ರಕ್ಕೆ. ಒಂದರ ಮಾನಿಟರು ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಮುಂದಿನ ವರ್ಷವೇ ಹರ್ಕ್ಯುಲಿಸ್ ಕಾರ್ಡು ಬಂತು. 1987ರಲ್ಲಿ 640ಕ್ಕೆ 480 ಚುಕ್ಕೆಯ ವಿಜಿಎ. ಈ ಲೆಕ್ಕವೆಲ್ಲ ಇಂಗ್ಲಿಷಿನದು. ಆ ಮೊದಲ ಬಣ್ಣದ ಕಾರ್ಡಿನಲ್ಲಿ ಒಂದು ಅಕ್ಷರಕ್ಕೆ ಎಂಟಕ್ಕೆ ಎಂಟು ಚುಕ್ಕೆಯ ಮನೆ. ಇಂಗ್ಲಿಷಿನ 'ಎ' ಅಲ್ಲಿ ಕಾಲುಚಾಚಿ ಕೂತೀತು. ನಮ್ಮ 'ಸ್ತ್ರೀ' ಎಲ್ಲಿ ಕೂರಬೇಕು? ಅವಳ ಒತ್ತಕ್ಷರಗಳಿಗೆ ಕೆಳಗೆ ಜಾಗವೇ ಇಲ್ಲ!

ಜಾಗ ಮಾಡಿಕೊಟ್ಟದ್ದೂ ಒಂದು ಕಾರ್ಡೇ. ಕಾನ್ಪುರದ ಐಐಟಿಯಲ್ಲಿ ಹುಟ್ಟಿದ 'ಜಿಸ್ಟ್' ತಂತ್ರವನ್ನು 1988ರಲ್ಲಿ ಆರಂಭವಾದ ಪುಣೆಯ ಸಿ-ಡ್ಯಾಕ್ ಸಂಸ್ಥೆ ಬೆಳೆಸಿತು. ಜಿಸ್ಟ್ ಕಾರ್ಡನ್ನು ಕಂಪ್ಯೂಟರಿನೊಳಗೆ ಸಿಕ್ಕಿಸಿದರೆ, ಇಂಗ್ಲಿಷಿಗೆಂದೇ ಮಾಡಿದ ವರ್ಡ್‌ಸ್ಟಾರಿನಲ್ಲೂ ಕನ್ನಡ ಮೂಡುತ್ತಿತ್ತು. ಆಗ ಕನ್ನಡ ಕಾಣಬೇಕೆಂದರೆ ಕಾರ್ಡು ಕೊಳ್ಳಬೇಕಿತ್ತು ಎಂದರೆ ಈಗಿನ ಮಕ್ಕಳು ನಗುತ್ತಾರೆ. ಮುಂದೆ ವಿಂಡೋಸ್ ಬಂದು ಅಕ್ಷರ ಬಿಡಿಸುವ ಕೆಲಸ ತಂತ್ರಾಂಶದ ಪಾಲಾಯಿತು. 1998ರಲ್ಲಿ 'ಬರಹ' ಬಂತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಎಂಬ ಕನ್ನಡ ಅಕ್ಷರವೇ ಕೂಡಿಬಂತು. ಹೆಸರು ಕೇಳಿ ನನಗೆ ನಮ್ಮ ಹೊಳೆಯ ಅರ್ಧ ಬಂದಂತಾಗಿತ್ತು.

ಇರಲಿ, ಅಂಗಡಿಗೆ ಹೋದೆ. ಹುಡುಗ ಇಟ್ಟಿಗೆಯಷ್ಟು ದೊಡ್ಡ ಕಾರ್ಡು ತೆಗೆದಿಟ್ಟ. "ಇದನ್ನ ಒಯ್ಯಿರಿ ಅಕ್ಕೋರೇ, ಎಂಥ ಆಟ ಇದ್ರೂ ಓಡತೈತ್ರಿ." ಆಟ ಆಡುವವರು ನಮ್ಮ ಮನೆಯಲ್ಲಿ ಯಾರಪ್ಪಾ? ಅದಕ್ಕೆ ಬೇರೆ ಕರೆಂಟಿನ ವೈರು, ಹೊಸ ಎಸ್‌ಎಂಪಿಎಸ್, ನನ್ನ ಯುಪಿಎಸ್ಸಿಗೆ ತಾಳದ ಭಾರ. ನನಗೆ ಬೇಕಾದದ್ದು ನಿಂತ ಚಿತ್ರವನ್ನು ಸರಿಯಾಗಿ ಹೊತ್ತು ತರುವ ಕಾರ್ಡು, ಅಷ್ಟೆ. 2017ರಲ್ಲಿ ಬಂದ ಜಿಟಿ 1030 ಎಂಬುದಕ್ಕೆ ಮೂವತ್ತು ವ್ಯಾಟ್ ಸಾಕು, ಎಚ್‌ಡಿಎಂಐ 2.0 ಇದೆ, ಬೇರೆ ವೈರು ಬೇಡ.

ಅಲ್ಲೂ ಒಂದು ತೊಡಕು. ಅದೇ ಹೆಸರಿನಲ್ಲಿ 2018ರಲ್ಲಿ ಇನ್ನೊಂದು ಕಾರ್ಡು ಬಂದಿದೆ. ಮೊದಲಿನದರ ನೆನಪು ಜಿಡಿಡಿಆರ್5, ಇದರದು ಡಿಡಿಆರ್4. ವೇಗ ಸುಮಾರು ಮೂರರಲ್ಲೊಂದು ಪಾಲು. ಡಬ್ಬಿಯ ಮೂಲೆಯ ಸಣ್ಣಕ್ಷರ ಓದದಿದ್ದರೆ ಮೋಸ. ನಾನು ಭೂತಗನ್ನಡಿ ತೆಗೆದೆ. ಇತಿಹಾಸ ಕಲಿಸುವವಳಿಗೆ ಇದು ಹಳೆಯ ಪಾಠ. 'ದೇವಾನಾಂಪ್ರಿಯ' ಎಂಬ ಬಿರುದು ಅಶೋಕನೊಬ್ಬನದೇ ಅಲ್ಲ. ಅವನ ಮೊಮ್ಮಗ ದಶರಥನಿಗೂ ಇತ್ತು, ಸಿಂಹಳದ ತಿಸ್ಸನಿಗೂ ಇತ್ತು. ಬಂಡೆಗಳಲ್ಲಿ ಮಾತಾಡಿದವನು ಅಶೋಕನೇ ಎಂದು ವಿದ್ವಾಂಸರು ಸಿಂಹಳದ ಗ್ರಂಥಗಳ ಬಲದಿಂದ ಹೇಳುತ್ತಿದ್ದರು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ನಮ್ಮ ಮಸ್ಕಿಯ ಶಾಸನ ಕಂಡುಹಿಡಿದಾಗ, ಬಿರುದಿನ ಪಕ್ಕದಲ್ಲೇ ಹೆಸರೂ ಸಿಕ್ಕಿತು.

ಕಾರ್ಡು ಕೂರಿಸಿದ ದಿನ ಏನೂ ಬದಲಾಗಲಿಲ್ಲ. ಅದೇ ಕುಂಟು. ದುಡ್ಡು ಹೋಯಿತಲ್ಲ ಎಂದು ರಾತ್ರಿಯೆಲ್ಲ ನಿದ್ದೆಯಿಲ್ಲ. ಬೆಳಿಗ್ಗೆ ನೋಡಿದರೆ ಕೇಬಲ್ಲನ್ನು ರೂಢಿಯಂತೆ ಹಳೆಯ ತೂತಿಗೇ ಸಿಕ್ಕಿಸಿದ್ದೆ! ಕಾರ್ಡಿನ ತೂತಿಗೆ ಹಾಕಿ, ಸೆಟ್ಟಿಂಗಿನಲ್ಲಿ ಅರವತ್ತು ಆರಿಸಿದೆ. ಬಾಣ ಬೆಣ್ಣೆಯಲ್ಲಿ ಜಾರಿದಂತೆ ಜಾರಿತು.

ಆ ವಾರವೇ ಅಶೋಕನ ಹೆಸರಿನ ಅಕ್ಷರಗಳ ಪಟ ಮುಗಿಸಿ ಶಾಲೆಗೆ ಒಯ್ದೆ. ಬ್ರಾಹ್ಮಿಯ 'ಕ' ತೋರಿಸಿದೊಡನೆ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು: "ಅಕ್ಕೋರೇ, ಇದು ಕೂಡಿಸೋ ಚಿನ್ನೆ ಅಲ್ಲೇನ್ರೀ?"