ಕಾರಿನ ಗೇರ್ ನಾಬ್ ಬದಲಾವಣೆ: ವಾಹನ ಮಾಲೀಕರು ಗಮನಿಸತಕ್ಕ ಅಂಶಗಳು

1. ಪೀಠಿಕೆ

ಗೇರ್ ಲಿವರಿನ ತುದಿಯಲ್ಲಿ ಚಾಲಕನ ಅಂಗೈಗೆ ಸಿಗುವ ಹಿಡಿಯನ್ನು ಗೇರ್ ನಾಬ್ ಎಂದು ಕರೆಯಲಾಗುತ್ತದೆ. ಕಾರ್ಖಾನೆಯಿಂದ ಬಂದ ನಾಬ್ ಸವೆದಾಗ, ಅದರ ಚರ್ಮದ ಹೊದಿಕೆ ಕಿತ್ತುಹೋದಾಗ ಅಥವಾ ಕೇವಲ ಅಂದಕ್ಕಾಗಿ, ಮಾರುಕಟ್ಟೆಯಲ್ಲಿ ದೊರೆಯುವ ಬೇರೊಂದು ನಾಬನ್ನು ಅಳವಡಿಸುವ ರೂಢಿಯು ವ್ಯಾಪಕವಾಗಿದೆ. ಬಿಡಿಭಾಗವು ಚಿಕ್ಕದಾದುದರಿಂದ ಈ ಬದಲಾವಣೆಯನ್ನು ಅಲಂಕಾರದ ಕೆಲಸವೆಂದು ಭಾವಿಸುವುದು ಸಾಮಾನ್ಯ. ಆದರೆ ಗೇರ್ ನಾಬ್ ಸಹ ಸ್ಟೀರಿಂಗ್ ಮತ್ತು ಬ್ರೇಕ್ ಪೆಡಲಿನಂತೆ ವಾಹನದ ನಿಯಂತ್ರಣ ಸಾಧನವೇ ಆಗಿದೆ ಎಂಬುದನ್ನು ಮರೆಯಲಾಗದು.

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ, ಶಿರಾಳಕೊಪ್ಪ ಹಾಗೂ ನೆರೆಯ ಸೊರಬ ತಾಲ್ಲೂಕಿನ ವಾಹನ ಮಾಲೀಕರಿಗೆ ಈ ವಿಷಯವು ವಿಶೇಷವಾಗಿ ಅನ್ವಯಿಸುತ್ತದೆ. ಈ ಭಾಗದಿಂದ ಕರಾವಳಿಗೆ ತೆರಳುವವರು ಹುಲಿಕಲ್ ಅಥವಾ ಆಗುಂಬೆ ಘಾಟಿಯಂತಹ ಕಡಿದಾದ ತಿರುವುಗಳ ಮಾರ್ಗವನ್ನು ಇಳಿಯಬೇಕಾಗುತ್ತದೆ. ಇಳಿಜಾರಿನಲ್ಲಿ ಬ್ರೇಕನ್ನೇ ಸತತವಾಗಿ ಒತ್ತಿದಲ್ಲಿ ಅದು ಕಾಯ್ದು ಹಿಡಿತವನ್ನು ಕಳೆದುಕೊಳ್ಳುವ ಸಂಭವವಿರುವುದರಿಂದ, ಎರಡನೆಯ ಅಥವಾ ಮೊದಲನೆಯ ಗೇರಿಗೆ ಇಳಿಸಿ ಎಂಜಿನ್ನಿನ ತಡೆಯಿಂದ ವೇಗವನ್ನು ಹಿಡಿದಿಡುವುದು ಸರಿಯಾದ ಕ್ರಮ. ಅಂತಹ ತಿರುವಿನಲ್ಲಿ ನಾಬ್ ಕಳಚಿ ಕೈಗೆ ಬಂದರೆ ಚಾಲಕನ ದೃಷ್ಟಿಯು ರಸ್ತೆಯಿಂದ ಕೆಳಗಿಳಿಯುತ್ತದೆ. ಅಪಘಾತಕ್ಕೆ ಅಷ್ಟು ಅವಧಿ ಸಾಕು.

ಆದ್ದರಿಂದ ಹೊಸ ನಾಬ್ ಯಾವುದೇ ಇರಲಿ, ಮೂರು ಸಂಗತಿಗಳು ಮೊದಲಿನಂತೆಯೇ ಉಳಿಯತಕ್ಕದ್ದು: ಭದ್ರವಾದ ಜೋಡಣೆ, ಸರಿಯಾದ ಗೇರ್ ನಕ್ಷೆ ಮತ್ತು ರಿವರ್ಸ್ ಗೇರಿನ ತಡೆ. ಇವುಗಳ ವಿವರವನ್ನು ಸಾರ್ವಜನಿಕರ ಮಾಹಿತಿಗಾಗಿ ಮುಂದೆ ನೀಡಲಾಗಿದೆ.

2. ಹಿನ್ನೆಲೆ

ಅಂಬಾಸಡರ್ ಮತ್ತು ಪ್ರೀಮಿಯರ್ ಪದ್ಮಿನಿ ಕಾರುಗಳಲ್ಲಿ ಗೇರ್ ಲಿವರ್ ಬಹುಕಾಲ ಸ್ಟೀರಿಂಗ್ ಕಂಬದ ಪಕ್ಕದಲ್ಲಿತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಮಾರುಕಟ್ಟೆಗೆ ಬಂದ ನಂತರ, ಎರಡು ಆಸನಗಳ ನಡುವೆ ನೆಲದಿಂದ ಮೇಲೆದ್ದ ಲಿವರ್ ಸಾಮಾನ್ಯ ಕುಟುಂಬಗಳಿಗೂ ಪರಿಚಿತವಾಯಿತು. ಸದಾ ಕಣ್ಣಿಗೆ ಬೀಳುವ, ಸುಲಭವಾಗಿ ಕಳಚಬಹುದಾದ ಭಾಗವಾದುದರಿಂದ ಅದರ ನಾಬನ್ನು ಬದಲಿಸುವ ಆಸಕ್ತಿಯೂ ಬೆಳೆಯಿತು.

ಕರ್ನಾಟಕದಲ್ಲಿ ಈ ಆಸಕ್ತಿಯು ಕರಕುಶಲ ಕಲೆಯೊಂದಿಗೂ ಸೇರಿಕೊಂಡಿದೆ. ಮರದ ಆಟಿಕೆಗಳಿಗೆ ಹೆಸರಾದ ಚನ್ನಪಟ್ಟಣದ ಕುಶಲಕರ್ಮಿಗಳು ಚರಕಿಯ ಮೇಲೆ ಮರವನ್ನು ಕಡೆದು, ಬಣ್ಣದ ಅರಗನ್ನು ಲೇಪಿಸಿ ಗೇರ್ ನಾಬ್‌ಗಳನ್ನೂ ತಯಾರಿಸುತ್ತಾರೆ. ಸೊರಬ ಹಾಗೂ ಸಾಗರ ಭಾಗದ ಗುಡಿಗಾರರು ಶ್ರೀಗಂಧದ ಕೆತ್ತನೆಗೆ ಪ್ರಸಿದ್ಧರು. ಸ್ವತಃ ಬಳ್ಳಿಗಾವಿಯು ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ದುಡಿದ ಶಿಲ್ಪಿ ದಾಸೋಜ ಮತ್ತು ಆತನ ಮಗ ಚಾವಣರ ಊರು. ಇಂತಹ ನಾಡಿನಲ್ಲಿ ಕೈಕೆಲಸದ ನಾಬನ್ನು ಕಾರಿಗೆ ಹಾಕಿಸುವ ಇಚ್ಛೆ ಸಹಜವಾದುದು. ಕೆಲಸದ ಅಂದದೊಂದಿಗೆ ಜೋಡಣೆಯ ಭದ್ರತೆಯೂ ಇರಬೇಕೆಂಬುದಷ್ಟೇ ಇಲ್ಲಿನ ಆಶಯ.

3. ಜೋಡಣೆಯ ವಿಧಗಳು

ಅ) ತಿರುಪಿನ ಜೋಡಣೆ: ಲಿವರಿನ ತುದಿಯಲ್ಲಿ ಥ್ರೆಡ್ ಇದ್ದು, ನಾಬನ್ನು ತಿರುಗಿಸಿ ಬಿಗಿಯಲಾಗುತ್ತದೆ. ಬದಲಾವಣೆಗೆ ಇದು ಅತ್ಯಂತ ಅನುಕೂಲಕರ.

ಆ) ಒತ್ತಿ ಕೂರಿಸುವ ಜೋಡಣೆ: ಲಿವರಿನಲ್ಲಿ ಥ್ರೆಡ್ ಇರುವುದಿಲ್ಲ. ನಾಬನ್ನು ಒತ್ತಿ ಕೂರಿಸಿ ಒಳಗಿನ ಕ್ಲಿಪ್ ಅಥವಾ ಪಟ್ಟಿಯಿಂದ ಬಿಗಿಯಲಾಗಿರುತ್ತದೆ. ಕೆಲವು ಮಾದರಿಗಳಲ್ಲಿ ಚರ್ಮದ ಗೇರ್ ಬೂಟ್ ಸಹ ನಾಬಿಗೇ ಅಂಟಿಕೊಂಡಿರುತ್ತದೆ. ಇವುಗಳನ್ನು ಬಲವಂತವಾಗಿ ಮೇಲಕ್ಕೆಳೆದಲ್ಲಿ ಕೈ ಹಠಾತ್ತನೆ ಮುಖಕ್ಕೆ ಬಡಿಯುವ ಸಂಭವವಿದೆ.

ಇ) ಸರ್ವೋಪಯೋಗಿ ನಾಬ್: ಎಲ್ಲ ಕಾರುಗಳಿಗೂ ಹೊಂದುತ್ತದೆಂದು ಮಾರಲಾಗುವ ಇವುಗಳೊಂದಿಗೆ ಬೇರೆ ಬೇರೆ ಅಳತೆಯ ಪ್ಲಾಸ್ಟಿಕ್ ಬುಷ್‌ಗಳನ್ನು ನೀಡಲಾಗುತ್ತದೆ. ನಾಬನ್ನು ಲಿವರಿನ ಮೇಲಿಟ್ಟು ಪಕ್ಕದಿಂದ ಎರಡು ಅಥವಾ ಮೂರು ಅಲೆನ್ ಸ್ಕ್ರೂಗಳಿಂದ ಬಿಗಿಯಬೇಕು. ಸ್ಕ್ರೂಗಳು ಪ್ಲಾಸ್ಟಿಕ್ಕನ್ನು ಮಾತ್ರ ಒತ್ತಿ ಹಿಡಿಯುವುದರಿಂದ, ಬಿಸಿಲಿಗೆ ಪ್ಲಾಸ್ಟಿಕ್ ಮೆದುವಾದಂತೆ ಹಿಡಿತ ಸಡಿಲಗೊಳ್ಳುತ್ತದೆ. ಕಳಚಿ ಬರುವ ಸಾಧ್ಯತೆ ಈ ವಿಧದಲ್ಲಿಯೇ ಹೆಚ್ಚು.

4. ಥ್ರೆಡ್ಡಿನ ಅಳತೆ

ತಿರುಪಿನ ನಾಬ್ ಕೊಳ್ಳುವ ಮುನ್ನ ಎರಡು ಅಳತೆಗಳನ್ನು ತಿಳಿದಿರತಕ್ಕದ್ದು: ಥ್ರೆಡ್ಡಿನ ಹೊರವ್ಯಾಸ, ಮತ್ತು ಒಂದು ಸುತ್ತಿನಿಂದ ಮುಂದಿನ ಸುತ್ತಿಗಿರುವ ಅಂತರ, ಅಂದರೆ ಪಿಚ್. ಎಂ 12 × 1.25 ಎಂಬ ಗುರುತಿಗೆ 12 ಮಿ.ಮೀ. ಹೊರವ್ಯಾಸ ಮತ್ತು 1.25 ಮಿ.ಮೀ. ಪಿಚ್ ಎಂದರ್ಥ. ಟೊಯೋಟಾ ಸಂಸ್ಥೆಯ ಅನೇಕ ಕಾರುಗಳಲ್ಲಿ ಎಂ 12 × 1.25, ಹೋಂಡಾ ಕಾರುಗಳಲ್ಲಿ ಎಂ 10 × 1.5, ನಿಸಾನ್ ಸಂಸ್ಥೆಯ ಅನೇಕ ಕಾರುಗಳಲ್ಲಿ ಎಂ 10 × 1.25 ಬಳಕೆಯಲ್ಲಿದೆ. ಒಂದೇ ಸಂಸ್ಥೆಯ ಬೇರೆ ಮಾದರಿಗಳಲ್ಲಿ ಅಳತೆ ಬದಲಾಗಬಹುದಾದುದರಿಂದ ಲಿವರನ್ನೇ ಅಳೆದು ನೋಡುವುದು ಸೂಕ್ತ.

ಪಿಚ್ ಅಳೆಯಲು ವಿಶೇಷ ಉಪಕರಣ ಇಲ್ಲದಿದ್ದಲ್ಲಿ ಸಾಮಾನ್ಯ ಅಳತೆಪಟ್ಟಿಯೂ ಸಾಕಾಗುತ್ತದೆ. ಲಿವರಿನ ಮೇಲೆ ಹತ್ತು ಸುತ್ತುಗಳನ್ನು ಎಣಿಸಿ ಅವುಗಳ ಒಟ್ಟು ಉದ್ದವನ್ನು ಅಳೆಯಬೇಕು. ಉದ್ದವು 12.5 ಮಿ.ಮೀ. ಇದ್ದಲ್ಲಿ ಪಿಚ್ 1.25 ಎಂದೂ, 15 ಮಿ.ಮೀ. ಇದ್ದಲ್ಲಿ 1.5 ಎಂದೂ ತಿಳಿಯತಕ್ಕದ್ದು.

ವ್ಯಾಸ ಒಂದೇ ಆಗಿ ಪಿಚ್ ಬೇರೆಯಾಗಿದ್ದಲ್ಲಿ ನಾಬ್ ಮೊದಲ ಒಂದೆರಡು ಸುತ್ತು ಸರಾಗವಾಗಿ ತಿರುಗಿ ನಂತರ ಬಿಗಿಯುತ್ತದೆ. ಇದನ್ನು ಭದ್ರವಾಗಿ ಕುಳಿತಿದೆ ಎಂದು ತಪ್ಪಾಗಿ ತಿಳಿಯುವವರೇ ಹೆಚ್ಚು. ಹಾಗೆ ಬಲವಂತವಾಗಿ ತಿರುಗಿಸಿದಲ್ಲಿ ಲಿವರಿನ ಥ್ರೆಡ್ಡೇ ಹಾಳಾಗಿ, ಹಳೆಯ ನಾಬನ್ನೂ ಮರಳಿ ಕೂರಿಸಲಾಗದು. ನಾಬ್ ಲಿವರಿನೊಳಗೆ ಕನಿಷ್ಠ ಅದರ ವ್ಯಾಸದಷ್ಟು ಉದ್ದಕ್ಕಾದರೂ ಇಳಿದಿರಬೇಕೆಂಬುದು ಅನುಸರಿಸತಕ್ಕ ಲೆಕ್ಕ. ಎಂ 12 × 1.25 ಅಳತೆಗೆ ಸುಮಾರು 10 ಸುತ್ತು, ಎಂ 10 × 1.5 ಅಳತೆಗೆ ಸುಮಾರು 7 ಸುತ್ತು ತಿರುಗಬೇಕಾಗುತ್ತದೆ.

5. ಗೇರ್ ನಕ್ಷೆ ಮತ್ತು ರಿವರ್ಸ್ ತಡೆ

ನಾಬಿನ ಮೇಲಿನ ನಕ್ಷೆಯು ಯಾವ ಗೇರ್ ಎಲ್ಲಿದೆ ಎಂಬುದನ್ನು ಸೂಚಿಸುತ್ತದೆ. ರಿವರ್ಸ್ ಗೇರ್ ಕೆಲವು ಕಾರುಗಳಲ್ಲಿ ಮೊದಲನೆಯ ಗೇರಿನ ಎಡಕ್ಕೂ, ಕೆಲವು ಕಾರುಗಳಲ್ಲಿ ಬಲಗಡೆಯ ಕೆಳಗೂ ಇರುತ್ತದೆ. ಒಂದು ಮಾದರಿಯ ನಕ್ಷೆಯಿರುವ ನಾಬನ್ನು ಇನ್ನೊಂದಕ್ಕೆ ಹಾಕಿದಲ್ಲಿ ನಿತ್ಯ ಓಡಿಸುವ ಮಾಲೀಕನಿಗೆ ತೊಂದರೆಯಾಗದಿರಬಹುದು. ಆದರೆ ಅದೇ ಕಾರನ್ನು ಮನೆಯ ಇತರ ಸದಸ್ಯರು, ಬಾಡಿಗೆ ಚಾಲಕರು ಹಾಗೂ ಗ್ಯಾರೇಜಿನ ಕೆಲಸಗಾರರೂ ಓಡಿಸುತ್ತಾರೆ. ಕೆರೆಯ ಏರಿಯ ಮೇಲೆ ಕಾರನ್ನು ತಿರುಗಿಸುವ ಹೊಸಬನು ನಕ್ಷೆಯನ್ನು ನಂಬಿ ರಿವರ್ಸ್ ಹಾಕಿದಾಗ ವಾಹನವು ಮುಂದಕ್ಕೆ ಚಲಿಸಿದಲ್ಲಿ ಅನಾಹುತ ತಪ್ಪದು. ನಕ್ಷೆಯೇ ಇಲ್ಲದ ನಾಬ್ ಹಾಕಿಸಿದವರು ಡ್ಯಾಶ್‌ಬೋರ್ಡಿನ ಮೇಲೆ ಎದ್ದು ಕಾಣುವಂತೆ ಸರಿಯಾದ ನಕ್ಷೆಯ ಚೀಟಿಯನ್ನು ಅಂಟಿಸುವುದು ಒಳಿತು.

ಮುಂದಕ್ಕೆ ಚಲಿಸುತ್ತಿರುವಾಗ ಅರಿವಿಲ್ಲದೆ ರಿವರ್ಸ್ ಗೇರ್ ಬೀಳದಂತೆ ತಯಾರಕರು ತಡೆಯನ್ನು ಅಳವಡಿಸಿರುತ್ತಾರೆ. ಕೆಲವು ಕಾರುಗಳಲ್ಲಿ ಲಿವರನ್ನು ಕೆಳಕ್ಕೆ ಒತ್ತಬೇಕು. ಇನ್ನು ಕೆಲವುಗಳಲ್ಲಿ ನಾಬಿನ ಕೆಳಗಿರುವ ಉಂಗುರವನ್ನು ಬೆರಳುಗಳಿಂದ ಮೇಲೆತ್ತಬೇಕು. ಉಂಗುರವಿರುವ ಕಾರುಗಳಿಗೆ, ಉಂಗುರವನ್ನು ಮೊದಲಿನಂತೆ ಚಲಿಸಲು ಬಿಡುವ ನಾಬನ್ನು ಮಾತ್ರ ಆಯ್ದುಕೊಳ್ಳತಕ್ಕದ್ದು. ಉಂಗುರವನ್ನು ಮೇಲೆತ್ತಿಯೇ ಇರುವಂತೆ ಕಟ್ಟಿಬಿಡುವ ಅಥವಾ ತೆಗೆದುಹಾಕುವ ಪದ್ಧತಿ ಅತ್ಯಂತ ಅಪಾಯಕಾರಿ. ಹಾಗೆ ಮಾಡದೆ ಹೊಸ ನಾಬ್ ಕೂರದು ಎಂದಾದಲ್ಲಿ ಹಳೆಯ ನಾಬನ್ನೇ ಉಳಿಸಿಕೊಳ್ಳುವುದು ಲೇಸು.

ಆಟೋಮ್ಯಾಟಿಕ್ ಕಾರುಗಳ ನಾಬಿನಲ್ಲಿ ಸಾಮಾನ್ಯವಾಗಿ ಲಾಕ್ ಗುಂಡಿಯೂ ಅದರ ಸ್ಪ್ರಿಂಗೂ ಇರುತ್ತವೆ. ಅಂತಹ ವಾಹನಗಳಿಗೆ ತಯಾರಕರ ಮೂಲ ಬಿಡಿಭಾಗವನ್ನಲ್ಲದೆ ಬೇರೆಯದನ್ನು ಹಾಕಿಸದಿರುವುದು ಸೂಕ್ತ.

6. ವಸ್ತು ಮತ್ತು ತೂಕ

ಲೋಹ: ಬಾಳಿಕೆ ಹೆಚ್ಚು. ಆದರೆ ಏಪ್ರಿಲ್ ತಿಂಗಳಲ್ಲಿ ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯದ ಬಳಿ ಮಧ್ಯಾಹ್ನ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಲೋಹದ ನಾಬ್ ಮುಟ್ಟಲಾರದಷ್ಟು ಕಾಯ್ದಿರುತ್ತದೆ. ಒದ್ದೆ ಕೈಯಿಂದ ಜಾರುವ ಸಂಭವವೂ ಇದೆ.

ಮರ: ಬಿಸಿಲಿಗೂ ಚಳಿಗೂ ಕೈಗೆ ಹಿತಕರ. ಆದರೆ ಮಲೆನಾಡಿನ ಮಳೆಗಾಲದಲ್ಲಿ ಮರ ಉಬ್ಬಿ, ಬೇಸಿಗೆಯಲ್ಲಿ ಕುಗ್ಗುವುದರಿಂದ ಮರದಲ್ಲಿಯೇ ಕೊರೆದ ಥ್ರೆಡ್ ಬಾಳಿಕೆ ಬಾರದು. ಒಳಗೆ ಹಿತ್ತಾಳೆ ಅಥವಾ ಉಕ್ಕಿನ ಬುಷ್ ಕೂರಿಸಿರುವ ನಾಬನ್ನೇ ಕೊಳ್ಳತಕ್ಕದ್ದು. ಅರಗಿನ ಲೇಪವು ಹೆಚ್ಚಿನ ಶಾಖಕ್ಕೆ ಮೆದುವಾಗುವ ಗುಣವುಳ್ಳದ್ದಾದುದರಿಂದ ಅರಗಿನ ನಾಬಿರುವ ಕಾರನ್ನು ನೆರಳಿನಲ್ಲಿ ನಿಲ್ಲಿಸುವುದು ಉತ್ತಮ. ಶ್ರೀಗಂಧದ ವಸ್ತುವನ್ನು ಕೊಳ್ಳುವವರು ಅಧಿಕೃತ ಮಳಿಗೆಯಲ್ಲಿಯೇ ಕೊಂಡು ಬಿಲ್ಲನ್ನು ಕಾಪಾಡಿಕೊಳ್ಳಬೇಕು.

ತೂಕ: ಭಾರದ ನಾಬ್ ಗೇರ್ ಬದಲಾವಣೆಯನ್ನು ಸರಾಗಗೊಳಿಸಿದಂತೆ ಅನುಭವಕ್ಕೆ ಬರುತ್ತದೆ. ಆದರೆ ಸವೆದ ಗೇರ್‌ಬಾಕ್ಸ್ ಇರುವ ಹಳೆಯ ಕಾರುಗಳಲ್ಲಿ, ಹಳ್ಳದ ರಸ್ತೆಯ ಕುಲುಕಾಟಕ್ಕೆ ಅದೇ ಭಾರವು ಲಿವರನ್ನು ಎಳೆದು ಗೇರ್ ತಾನಾಗಿ ಕಳಚಲು ಕಾರಣವಾಗಬಹುದು. ಚೂಪಾದ ಅಂಚು, ಕೊಂಬು ಅಥವಾ ಮೊನೆಗಳಿರುವ ನಾಬ್‌ಗಳು ಅಪಘಾತದ ವೇಳೆ ಗಾಯಕ್ಕೆ ಕಾರಣವಾಗುವುದರಿಂದ ಅವುಗಳನ್ನು ವರ್ಜಿಸತಕ್ಕದ್ದು.

7. ಬದಲಾಯಿಸುವ ಕ್ರಮ

1) ಕಾರನ್ನು ಸಮತಟ್ಟಾದ ಸ್ಥಳದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಇಡಬೇಕು. ಗೇರ್ ನ್ಯೂಟ್ರಲ್‌ನಲ್ಲಿರುವುದರಿಂದ ಹ್ಯಾಂಡ್ ಬ್ರೇಕ್ ಒಂದನ್ನೇ ನಂಬುವಂತಿಲ್ಲ.
2) ಗೇರ್ ಬೂಟನ್ನು ಕೆಳಕ್ಕೆ ಸರಿಸಿ ಜೋಡಣೆಯ ವಿಧವನ್ನು ಗುರುತಿಸಬೇಕು.
3) ತಿರುಪಿನ ನಾಬನ್ನು ಎಡಕ್ಕೆ ತಿರುಗಿಸಿ ತೆಗೆಯಬೇಕು. ಲಾಕ್ ನಟ್ ಇದ್ದಲ್ಲಿ ಅದನ್ನು ಮೊದಲು ಸ್ಪ್ಯಾನರಿನಿಂದ ಸಡಿಲಿಸಬೇಕು.
4) ಹೊಸ ನಾಬನ್ನು ಕೈಯಿಂದಲೇ ತಿರುಗಿಸುತ್ತ ಸುತ್ತುಗಳನ್ನು ಎಣಿಸಬೇಕು.
5) ನಕ್ಷೆಯು ಚಾಲಕನಿಗೆ ನೇರವಾಗಿ ಕಾಣುವಂತೆ ನಿಲ್ಲಿಸಿ, ಕೆಳಗಿನಿಂದ ಲಾಕ್ ನಟ್ ಬಿಗಿಯಬೇಕು. ನಕ್ಷೆ ನೇರವಾಗಲೆಂದು ನಾಬನ್ನು ಹಿಂದಕ್ಕೆ ತಿರುಗಿಸಿ ಸಡಿಲವಾಗಿಯೇ ಬಿಡಬಾರದು.
6) ಎಂಜಿನ್ ಆರಿಸಿದ ಸ್ಥಿತಿಯಲ್ಲಿಯೇ ಕ್ಲಚ್ ಒತ್ತಿ ಪ್ರತಿಯೊಂದು ಗೇರನ್ನೂ ಹತ್ತು ಬಾರಿ ಹಾಕಿ ತೆಗೆಯಬೇಕು. ತಡೆಯನ್ನು ಬಿಡಿಸದೆ ರಿವರ್ಸ್ ಬೀಳಬಾರದು.
7) ಮೊದಲು ಜನಸಂಚಾರವಿಲ್ಲದ ಬಯಲಿನಲ್ಲಿ ಓಡಿಸಿ ನೋಡಬೇಕು. ಒಂದು ವಾರದ ನಂತರವೂ, ಘಾಟಿ ಪ್ರಯಾಣಕ್ಕೆ ಹೊರಡುವ ಮುನ್ನವೂ ಬಿಗಿಯನ್ನು ಪರೀಕ್ಷಿಸತಕ್ಕದ್ದು.

ತೆಗೆದ ಮೂಲ ನಾಬನ್ನು ಎಸೆಯದೆ ಕಾರಿನಲ್ಲಿಯೇ ಇರಿಸಿಕೊಂಡಲ್ಲಿ ಅಗತ್ಯ ಬಿದ್ದಾಗ ಮರಳಿ ಹಾಕಬಹುದು.

8. ಕಾನೂನಿನ ಅಂಶಗಳು

ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 52ರ ಪ್ರಕಾರ, ನೋಂದಣಿ ಪ್ರಮಾಣಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ ಸಹ 2019ರ ಜನವರಿಯಲ್ಲಿ ನೀಡಿದ ತೀರ್ಪಿನಲ್ಲಿ ಇದನ್ನು ಎತ್ತಿಹಿಡಿದಿದೆ. 2019ರ ತಿದ್ದುಪಡಿಯ ಮೂಲಕ ಸೇರಿಸಲಾದ ಕಲಂ 182ಎ(4)ರನ್ವಯ, ಅನುಮತಿಯಿಲ್ಲದ ರೀತಿಯಲ್ಲಿ ಬಿಡಿಭಾಗಗಳನ್ನು ಅಳವಡಿಸಿ ವಾಹನವನ್ನು ಮಾರ್ಪಡಿಸುವ ಮಾಲೀಕನಿಗೆ ಆರು ತಿಂಗಳವರೆಗಿನ ಕಾರಾವಾಸ, ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ, ಅಥವಾ ಎರಡನ್ನೂ ವಿಧಿಸಬಹುದಾಗಿದೆ.

ಎಂಜಿನ್, ಬಣ್ಣ, ಇಂಧನ, ಆಸನಗಳ ಸಂಖ್ಯೆ ಮುಂತಾದವು ನೋಂದಣಿ ಪ್ರಮಾಣಪತ್ರದಲ್ಲಿ ನಮೂದಾಗುವ ವಿವರಗಳು. ಗೇರ್ ನಾಬ್ ಅವುಗಳಲ್ಲಿ ಸೇರಿಲ್ಲ. ಆದಾಗ್ಯೂ ಕಾನೂನು ಅಡ್ಡಿಪಡಿಸದ ಬದಲಾವಣೆಯೆಲ್ಲವೂ ಸುರಕ್ಷಿತವೆಂದು ಭಾವಿಸುವಂತಿಲ್ಲ. ವಾರಂಟಿ ಅವಧಿಯಲ್ಲಿರುವ ವಾಹನಗಳ ಮಾಲೀಕರು ವಾರಂಟಿ ಷರತ್ತುಗಳನ್ನು ಮೊದಲು ಓದಿಕೊಳ್ಳತಕ್ಕದ್ದು. ದೀಪ ಬೆಳಗುವ ನಾಬ್‌ಗಳಿಗಾಗಿ ಕಾರಿನ ವೈರುಗಳನ್ನು ಕತ್ತರಿಸುವುದು ಬೆಂಕಿ ಅನಾಹುತಕ್ಕೂ ಎಡೆಮಾಡಿಕೊಡಬಹುದು.

9. ಗ್ರಾಹಕರ ಹಕ್ಕು

ನಾಬ್ ಕೊಳ್ಳುವಾಗ ಕಾರಿನ ಮಾದರಿ ಮತ್ತು ಥ್ರೆಡ್ಡಿನ ಅಳತೆಯನ್ನು ಬಿಲ್ಲಿನಲ್ಲಿಯೇ ಬರೆಸಿಕೊಳ್ಳುವುದು ಒಳಿತು. ವಸ್ತುವು ಹೊಂದದಿದ್ದಲ್ಲಿ ಅಥವಾ ದೋಷಪೂರಿತವಾಗಿದ್ದಲ್ಲಿ ಇದೇ ದಾಖಲೆಯಾಗುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರನ್ವಯ ಎರಡು ವರ್ಷಗಳೊಳಗಾಗಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಲು ಅವಕಾಶವಿದೆ.

ವಾಹನ ಮಾರ್ಪಾಡಿಗೆ ಸಂಬಂಧಿಸಿದ ಹೆಚ್ಚಿನ ಮಾಹಿತಿಗಾಗಿ ಸಾರ್ವಜನಿಕರು ತಮ್ಮ ವಾಹನ ನೋಂದಣಿಯಾಗಿರುವ ಸಾರಿಗೆ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.