ಸೀಳುತುಟಿಯ ಪೂರ್ವೋತ್ತರ

ಗ್ರಹಣಕಾಲದಲ್ಲಿ ಬಸುರಿಯು ಈಳಿಗೆಮಣೆಯ ಮುಂದೆ ಕುಳಿತು ಕಾಯಿಪಲ್ಯ ಹೆಚ್ಚಿದಳಾದರೆ ಹುಟ್ಟುವ ಕೂಸಿನ ತುಟಿ ಸೀಳುವುದೆಂಬ ನಂಬಿಕೆ, ಕನ್ನಡನಾಡಿನ ಉಳಿದೆಡೆಗಳಲ್ಲಿರುವಂತೆ, ದೊಡ್ಡಬಳ್ಳಾಪುರಕ್ಕೆ ಹೊಂದಿಕೊಂಡ ಬಾಶೆಟ್ಟಿಹಳ್ಳಿಯ ಸೀಮೆಯಲ್ಲಿಯೂ ಬಹುಕಾಲದಿಂದ ನೆಲೆಗೊಂಡಿದ್ದಿತು. ಕಾರ್ಖಾನೆಗಳು ಬಂದು ಊರಿನ ರೂಪವೇ ಬೇರೆಯಾದ ಮೇಲೂ ಅದು ಪೂರ್ಣವಾಗಿ ಅಳಿದಿಲ್ಲ. ಸಂತಾನಾಪೇಕ್ಷೆಯಿಂದ ಘಾಟಿ ಸುಬ್ರಹ್ಮಣ್ಯನಿಗೆ ಹರಕೆ ಹೊತ್ತು ಪಡೆದ ಮಗುವಿನ ಮೊಗದಲ್ಲಿ ಇಂಥ ಸೀಳು ಕಂಡಾಗ ಬಾಣಂತಿಯ ಮೇಲೆ ಬೀಳುತ್ತಿದ್ದ ಅಪವಾದದ ಭಾರ ಎಷ್ಟೆಂಬುದನ್ನು ಊಹಿಸುವುದು ಕಷ್ಟವಲ್ಲ. ಅಂಗುಳವೂ ಸೀಳಿದ್ದರೆ ಕೂಸು ಮೊಲೆಯನ್ನು ಚೀಪಲಾರದು. ಕುಡಿದ ಹಾಲು ಮೂಗಿನಿಂದ ಹೊರಬರುವುದು. ಒಳಲೆಯಲ್ಲಿ ಹನಿಹನಿಯಾಗಿ ಹಾಲೆರೆದು ಅದನ್ನು ಉಳಿಸಿಕೊಂಡ ತಾಯಿಗೇ ದೋಷವನ್ನೂ ಹೊರಿಸಿದುದು ನಮ್ಮ ಸಮಾಜವು ಎಸಗಿದ ಘೋರವಾದ ಅನ್ಯಾಯ.

ಮುಖದ ಎರಡು ಪಕ್ಕಗಳಿಂದಲೂ ಮೂಗಿನ ಭಾಗದಿಂದಲೂ ಬೆಳೆದು ಬಂದ ಅಂಕುರಗಳು ಒಂದನ್ನೊಂದು ಕೂಡಿ ಮೇಲ್ದುಟಿಯಾಗುವುದು ಗರ್ಭದ 4ರಿಂದ 7ನೆಯ ವಾರದೊಳಗೆ, ಅಂದರೆ ತಾನು ಬಸುರಿಯೆಂಬುದು ತಾಯಿಗೆ ಸರಿಯಾಗಿ ತಿಳಿಯುವ ಹೊತ್ತಿನಲ್ಲಿ. ಆ ಕೂಡುವಿಕೆ ತಪ್ಪಿದರೆ ಸೀಳು ಉಳಿಯುತ್ತದೆ. ವಂಶಗುಣ, ಪೋಷಣೆಯ ಕೊರತೆ, ಕೆಲವು ಔಷಧಗಳು, ತಂಬಾಕು ಮೊದಲಾದ ಅನೇಕ ಕಾರಣಗಳು ಅದರಲ್ಲಿ ಬೆರೆತಿರುತ್ತವೆ. ಸೀಮಂತದ ವೇಳೆಗೆ ತುಟಿಯ ನಿರ್ಣಯವಾಗಿ ತಿಂಗಳುಗಳೇ ಕಳೆದಿರುತ್ತವೆ. ಸೂರ್ಯಚಂದ್ರರಿಗಾಗಲಿ ಈಳಿಗೆಗಾಗಲಿ ಇದರಲ್ಲಿ ಯಾವ ಪಾತ್ರವೂ ಇಲ್ಲ.

ಸೋಜಿಗವೆಂದರೆ, ತುಟಿಯನ್ನು ಕೂಡಿಸುವ ವಿದ್ಯೆ ಈ ದೇಶಕ್ಕೆ ಅಪರಿಚಿತವಾಗಿರಲಿಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದ 16ನೆಯ ಅಧ್ಯಾಯದಲ್ಲಿ, ಹರಿದ ಕಿವಿಯನ್ನು ಸಂಧಿಸುವ ಕ್ರಮವನ್ನೂ ಎಲೆಯಿಂದ ಅಳತೆ ತೆಗೆದು ಕೆನ್ನೆಯ ಚರ್ಮದಿಂದ ಮೂಗನ್ನು ಕಟ್ಟುವ ಕ್ರಮವನ್ನೂ ವಿವರಿಸಿದ ಬಳಿಕ, ಮೂಗಿನಲ್ಲಿರಿಸುವ ನಾಳವನ್ನು ಮಾತ್ರ ಬಿಟ್ಟು ಉಳಿದ ವಿಧಿಯನ್ನೆಲ್ಲ ತುಟಿಗೂ ಅನ್ವಯಿಸತಕ್ಕುದೆಂದು ಹೇಳಿದೆ. ಕಾಲಾಂತರದಲ್ಲಿ ಪಂಡಿತರು ಶಸ್ತ್ರವನ್ನು ಕೈಬಿಟ್ಟರು. ವಿದ್ಯೆ ಮಾತ್ರ ಕುಶಲಕರ್ಮಿಗಳ ಮನೆಗಳಲ್ಲಿ ಉಳಿಯಿತು.

ಆ ವಿದ್ಯೆ ಲೋಕವಿಖ್ಯಾತವಾದುದು ಮೈಸೂರಿನ ಯುದ್ಧವೊಂದರ ದೆಸೆಯಿಂದ. 1791ರಲ್ಲಿ ಇಂಗ್ಲಿಷರ ಸೇನಾಪತಿ ಕಾರ್ನ್‌ವಾಲಿಸನು ಬೆಂಗಳೂರಿನ ಕೋಟೆಯನ್ನು ಹಿಡಿದು, ಬಾಶೆಟ್ಟಿಹಳ್ಳಿಗೆ ನೆರೆಯಾದ ದೇವನಹಳ್ಳಿಯ ಮಾರ್ಗವಾಗಿ ಉತ್ತರಕ್ಕೆ ನಡೆದನಷ್ಟೆ. ಅದೇ ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಎಂಬಾತನು ಟಿಪ್ಪುವಿನ ಕಡೆಯವರ ಕೈಗೆ ಸಿಕ್ಕಿ, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಸುಮಾರು ಒಂದು ವರ್ಷದ ನಂತರ ಪುಣೆಯ ಬಳಿ ಇಟ್ಟಿಗೆ ಮಾಡುವ ಕುಲದವನೊಬ್ಬನು ಮೇಣದ ತೆಳುಹಲಗೆಯಿಂದ ಅಚ್ಚು ತೆಗೆದು, ಅದನ್ನು ಹಣೆಯ ಮೇಲೆ ಹರವಿ ಗೆರೆ ಕೊರೆದು, ಅಷ್ಟು ಚರ್ಮವನ್ನು ಬುಡ ಕಡಿಯದಂತೆ ಬಿಡಿಸಿ ಕೆಳಕ್ಕೆ ತಿರುಗಿಸಿ ಮೂಗನ್ನು ನಿಲ್ಲಿಸಿದನು. ಸಂದುಗಳಿಗೆ ಅವನು ಹಚ್ಚಿದುದು ವೀಳ್ಯದೊಡನೆ ನಾವು ಮೆಲ್ಲುವ ಕಾಚನ್ನು ನೀರಿನಲ್ಲಿ ಕಲಸಿ ಬಟ್ಟೆಗೆ ಸವರಿದ ಪಟ್ಟಿ. ಕೆಲವು ದಿನ ಕಳೆದ ಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ. ಈ ವೃತ್ತಾಂತ 1794ರಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ನಲ್ಲಿ ಅಚ್ಚಾಯಿತು. ಹಣೆಯ ಕಲೆ ಕಾಲಕ್ರಮದಲ್ಲಿ ಅಷ್ಟಾಗಿ ಕಾಣದಾಗುತ್ತದೆಂಬ ಮಾತೂ ಅದರಲ್ಲಿತ್ತು. ಅದನ್ನು ಓದಿ ಪ್ರೇರಿತನಾದ ಕಾರ್ಪ್ಯೂ ಎಂಬ ಶಸ್ತ್ರವೈದ್ಯನು 1814ರಲ್ಲಿ ಲಂಡನ್ನಿನಲ್ಲಿ ಅದೇ ಕ್ರಮವನ್ನು ಅನುಸರಿಸಿದನು.

ತುಟಿಯ ಶಸ್ತ್ರಕ್ರಿಯೆಯ ಮುಂದಿನ ಚರಿತ್ರೆಯೆಲ್ಲ ಕಲೆಯೊಡನೆ ನಡೆದ ಹೋರಾಟವೆಂದು ನನ್ನ ಭಾವನೆ. ಸೀಳಿನ ಅಂಚುಗಳನ್ನು ಹಸಿಯಾಗಿಸಿ ನೇರವಾಗಿ ಹೊಲಿದರೆ ಗಾಯವೇನೋ ಮಾಯುತ್ತದೆ. ಆದರೆ ಮಾಯುವ ಕಲೆ ಕುಗ್ಗುತ್ತ ತುಟಿಯನ್ನು ಮೇಲಕ್ಕೆಳೆದು ಕಚ್ಚು ಮಾಡುತ್ತದೆ. ಆದುದರಿಂದ ಗೆರೆಯನ್ನು ಬಾಗಿಸುವ ನಾನಾ ಉಪಾಯಗಳು ಹುಟ್ಟಿದುವು. ಅಮೆರಿಕದ ರಾಲ್ಫ್ ಮಿಲಾರ್ಡ್ ಅವರು ಕೊರಿಯಾದಲ್ಲಿದ್ದಾಗ ರೂಪಿಸಿ 1955ರಲ್ಲಿ ಸ್ಟಾಕ್‌ಹೋಮಿನಲ್ಲಿ ವಿವರಿಸಿದ ಕ್ರಮದಲ್ಲಿ, ಒಂದು ಪಕ್ಕದ ಅಂಗಾಂಶವನ್ನು ಕೆಳಕ್ಕೆ ತಿರುಗಿಸಿ ಮತ್ತೊಂದು ಪಕ್ಕದ್ದನ್ನು ಮುಂದಕ್ಕೆ ತರುವುದರಿಂದ, ಕಲೆಯ ಬಹುಭಾಗ ಮೂಗಿನಿಂದ ತುಟಿಗಿಳಿಯುವ ಸಹಜವಾದ ಏಣಿನಲ್ಲಿಯೇ ಅಡಗುತ್ತದೆ. ಹೊಲಿದ ಗೆರೆ ಮೊದಲ ಕೆಲವು ವಾರಗಳಲ್ಲಿ ಕೆಂಪಾಗಿ ಗಡುಸಾಗಿ ಉಬ್ಬುವುದನ್ನು ಕಂಡು ತಾಯಂದಿರು ಕಂಗೆಡುವುದುಂಟು. ಅದು ಪಕ್ವವಾಗಲು ವರ್ಷ ಹಿಡಿಯುತ್ತದೆ. ಗಾಯ ಪೂರ್ತಿ ಮಾಯ್ದ ಮೇಲೆ ವೈದ್ಯರು ತೋರಿಸಿದಂತೆ ಬೆರಳಿನಿಂದ ಮೃದುವಾಗಿ ನೀವುವುದು, ಸಿಲಿಕೋನ್ ಲೇಪ, ಬಿಸಿಲಿನಿಂದ ರಕ್ಷಣೆ, ಇವಿಷ್ಟು ಉಪಚಾರ. ಆಮೇಲೂ ಕಲೆ ಉಬ್ಬಿಯೇ ಉಳಿದರೆ ಚುಚ್ಚುಮದ್ದಾಗಲಿ ಮರುಶಸ್ತ್ರಕ್ರಿಯೆಯಾಗಲಿ ಉಂಟು.

ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು, ಅಂಗುಳ ಸೀಳಿದ ಮಕ್ಕಳ ಉಚ್ಚಾರಣೆಯನ್ನು ತಿದ್ದುವ ಕಾರ್ಯದಲ್ಲಿಯೂ ತೊಡಗಿತು. 2013ರಲ್ಲಿ ಮೊದಲಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸೀಳುತುಟಿಯೂ ಸೇರಿರುವುದರಿಂದ, ಹಳ್ಳಿಯ ಮಗುವಿಗೂ ಇದರ ಚಿಕಿತ್ಸೆ ವೆಚ್ಚವಿಲ್ಲದೆ ದೊರೆಯುವ ದಾರಿಯಾಗಿದೆ. ಕೂಸಿಗೆ 10 ವಾರ ತುಂಬಿ, 10 ಪೌಂಡು ತೂಕ ಬಂದು, ರಕ್ತದಲ್ಲಿ ಹಿಮೋಗ್ಲೋಬಿನ್ 10 ಗ್ರಾಮಿಗೆ ಮುಟ್ಟಿದರೆ ತುಟಿಯ ಶಸ್ತ್ರಕ್ರಿಯೆಗೆ ಅದು ಸಿದ್ಧವೆಂಬುದು ವೈದ್ಯರಲ್ಲಿ ರೂಢಿಯಾದ ಲೆಕ್ಕ. ಆದಕಾರಣ, ಇಂಥ ಮಗು ಜನಿಸಿದ ಮನೆಯ ಹಿರಿಯರು ಗ್ರಹಣದ ವಿಚಾರವೆತ್ತಿ ಬಾಣಂತಿಯನ್ನು ನೋಯಿಸದೆ, ಮೊದಲ ವಾರದಲ್ಲಿಯೇ ಆಶಾ ಕಾರ್ಯಕರ್ತೆಗೆ ತಿಳಿಸಿ, ತಾಯಿಮಗುವನ್ನು ಆಸ್ಪತ್ರೆಗೆ ಕರೆದೊಯ್ಯಬೇಕೆಂದು ಬೇಡುತ್ತೇನೆ.